ಒದ್ದೆ ಗೋಣಿ, ನೀಲಿ ರಿಬ್ಬನ್ನು

ಈಗಿನ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ. ನಾನು ಚಿಕ್ಕವಳಿದ್ದಾಗ ನಮ್ಮ ಶಿರಾದಲ್ಲಿ ಕೇಕು ಅಂದರೆ ಕಾಗದದ ದೊನ್ನೆಯಲ್ಲಿ ಬೆಂದ ಅಂಗೈಯಗಲದ ಹಳದಿ ಮುದ್ದೆ, ಅಷ್ಟೆ. ಅದನ್ನು ಕೊಳ್ಳುವವರೂ ಊರಲ್ಲಿ ಹತ್ತು ಮನೆಯವರು ಇದ್ದರೆ ಹೆಚ್ಚು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪನನ್ನು ನಾವು ಅಬ್ಬಾ ಅನ್ನುತ್ತಿದ್ದೆವು. ಅಬ್ಬನ ಬೇಕರಿಯಲ್ಲಿ ಓಡುತ್ತಿದ್ದದ್ದು ಬನ್ನು, ರಸ್ಕು, ಉಪ್ಪು ಬಿಸ್ಕತ್ತು. ಸಂತೆಗೆ ಬಂದವರು ಅಂಗಡಿ ಮುಂದೆ ಕುಕ್ಕರುಗಾಲಲ್ಲಿ ಕೂತು ಬನ್ನನ್ನು ಟೀಯಲ್ಲಿ ಅದ್ದಿ ತಿಂದು, ಮನೆಯ ಮಕ್ಕಳಿಗೆಂದು ನಾಲ್ಕು ರಸ್ಕನ್ನು ಟವೆಲ್ಲಿನ ತುದಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಬೇಕರಿಯ ಹಿಂದೆಯೇ ನಮ್ಮ ಮನೆ. ಭಟ್ಟಿಯ ಸೌದೆ ಹೊಗೆ, ಹುಳಿ ಬಂದ ಹಿಟ್ಟು, ಬೆಂದ ಸಕ್ಕರೆ, ಈ ಮೂರು ವಾಸನೆ ನಮ್ಮ ಬಟ್ಟೆಗೆ, ಪುಸ್ತಕಕ್ಕೆ, ತಲೆಕೂದಲಿಗೆ ಎಲ್ಲ ಹತ್ತಿರುತ್ತಿತ್ತು. ಸ್ಕೂಲಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿಗೆ ಒಂಬತ್ತು ಗಂಟೆಗೇ ಹಸಿವಾಗುತ್ತಿತ್ತಂತೆ.

ಕೂರುವುದು ಅಂದೆನಲ್ಲ, ನಾನು ಮಾತ್ರ ಒಂದು ಕಡೆ ಕೂತವಳೇ ಅಲ್ಲ. ಕುಂಟೆಬಿಲ್ಲೆಯಲ್ಲಿ ನನ್ನ ಸರದಿ ಬರುವವರೆಗೆ ನಿಲ್ಲಲಾರದೆ ಬೇರೆಯವರ ಮನೆಯೊಳಗೂ ಕುಂಟುತ್ತಿದ್ದೆ, ಜಗಳವಾಗುತ್ತಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದೀಯ ಎಂದು ಅಮ್ಮಿ ಬೈಯುತ್ತಿದ್ದಳು. ನಿದ್ದೆಯಲ್ಲೂ ಒದೆಯುತ್ತಿದ್ದೆ. ಪಕ್ಕದಲ್ಲಿ ಮಲಗುತ್ತಿದ್ದ ಫುಪ್ಪು ನನ್ನ ಕಾಲಿನ ಮೇಲೆ ಕೈ ಇಟ್ಟರೆ ಮಾತ್ರ ತೆಪ್ಪಗಾಗುತ್ತಿದ್ದೆ.

ಫುಪ್ಪು ಅಂದರೆ ಅಬ್ಬನ ತಂಗಿ, ಜೈಬುನ್ನಿಸಾ. ಅವಳ ಗಂಡ ಬೆಂಗಳೂರಿನ ದಂಡಿನ ಕಡೆ ಒಂದು ಬೇಕರಿಯಲ್ಲಿ ಮದುವೆ ಕೇಕುಗಳಿಗೆ ಹೂವು ಬಳ್ಳಿ ಎಳೆಯುವ ಕೆಲಸದಲ್ಲಿದ್ದ. ಎದೆ ರೋಗದಲ್ಲಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಇಪ್ಪತ್ತಾರನೆಯ ವಯಸ್ಸಿಗೆ ಫುಪ್ಪು ಒಂದು ಟ್ರಂಕು ಮತ್ತು ಒಂದು ತಂಬಾಕಿನ ಡಬ್ಬಿ ಹಿಡಿದು ಅಣ್ಣನ ಮನೆಗೆ ವಾಪಸು ಬಂದಳು. ಡಬ್ಬಿಯಲ್ಲಿ ಗಂಡ ಬಿಟ್ಟುಹೋದ ಮೂರು ತಗಡಿನ ಮೂತಿಗಳಿದ್ದವು. ಒಂದರಿಂದ ಎಲೆ, ಒಂದರಿಂದ ಗುಲಾಬಿ, ಇನ್ನೊಂದರಿಂದ ಜಾಲರಿ. ಮಧ್ಯಾಹ್ನದ ಹೊತ್ತು ಅಕ್ಕಿಹಿಟ್ಟಿನ ಗಂಜಿಯನ್ನು ಗಟ್ಟಿಗೆ ಕಾಯಿಸಿ, ಎಣ್ಣೆ ಕಾಗದವನ್ನು ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿ, ತುದಿಗೆ ಮೂತಿ ಸಿಕ್ಕಿಸಿ, ತಟ್ಟೆಯ ಬೆನ್ನಿನ ಮೇಲೆ ಗುಲಾಬಿ ಬರೆಯುತ್ತಿದ್ದಳು. ಬರೆದದ್ದನ್ನು ಬಳಿದು ಮತ್ತೆ ಬರೆಯುತ್ತಿದ್ದಳು.

ನಮ್ಮ ಮನೆಯ ಮಾತು ಉರ್ದು, ಬಾಗಿಲಾಚೆಯದು ಕನ್ನಡ. ಆದರೆ ಆ ದಿನಗಳ ಮಾತೆಲ್ಲ ಈಗ ನನಗೆ ಕನ್ನಡದಲ್ಲೇ ಕೇಳಿಸುತ್ತದೆ, ಹಾಗೇ ಬರೆಯುತ್ತೇನೆ.

ಆ ವರ್ಷ ಪಾವಗಡದಿಂದ ಫುಪ್ಪುಗೆ ಒಂದು ಸಂಬಂಧ ಬಂತು. ಕಡಲೆಕಾಯಿ ವ್ಯಾಪಾರಿ, ಹೆಂಡತಿ ತೀರಿಕೊಂಡವನು, ನಾಲ್ಕು ಮಕ್ಕಳು. ಒಂದು ಸಲ ಬಂದು ಹಜಾರದಲ್ಲಿ ಕೂತು, ಅರ್ಧ ತೆಲುಗಿನಲ್ಲಿ "ಆರೋಗ್ಯ ಬಾಗುಂದಾ? ರೊಟ್ಟಿ ಗಿಟ್ಟಿ ತಟ್ತಾಳಾ?" ಎಂದು ಅಬ್ಬನನ್ನು ಕೇಳಿದ. ಎತ್ತು ಕೊಳ್ಳಲು ಬಂದವನ ಹಾಗೆ ಕಂಡಿತು ನನಗೆ. ಅವನು ಕೆಟ್ಟವನೇನಲ್ಲ, ಈಗ ಯೋಚಿಸಿದರೆ ಹಾಗನ್ನಿಸುತ್ತದೆ. ಆದರೆ ಆಗ ಅವನ ಚಪ್ಪಲಿಯನ್ನು ಚರಂಡಿಗೆ ಎಸೆಯಬೇಕು ಅನ್ನಿಸಿತ್ತು, ಒಂದನ್ನು ಎಸೆದೂ ಎಸೆದೆ. ಅಬ್ಬನಿಗೆ ಮಾತ್ರ ಈ ಸಂಬಂಧ ಮನಸ್ಸಿಗೆ ಬಂದಿತ್ತು. ತಾವು ಇಲ್ಲವಾದ ಮೇಲೆ ತಂಗಿಗೆ ಯಾರು ದಿಕ್ಕು ಅನ್ನುವುದು ಅವರ ಚಿಂತೆ. ಫುಪ್ಪು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಅವಳಿಗೆ ಧೈರ್ಯವಿರಲಿಲ್ಲ. ಪಾವಗಡದಿಂದ ಮದುಮಗಳು ತಲೆಗೆ ಹೊದೆಯುವ ಕೆಂಪು ಓಢ್ನಿ, ಅದರ ಅಂಚಿಗೆ ಹೊಲಿಯಲು ಒಂದು ಸುರುಳಿ ಗೋಟಾ ಬಂದವು. ಗೋಟಾ ಅಂದರೆ ಎರಡು ಬೆರಳಗಲದ ಜರಿಪಟ್ಟಿ, ಚಿನ್ನದ ಬಣ್ಣದ್ದು. ನಮ್ಮ ಬೀದಿಯಲ್ಲಿ ಮದುವೆ ಓಢ್ನಿಗೆ ಗೋಟಾ ಹೊಲಿಯಬೇಕಾದರೆ ಎಲ್ಲರೂ ಬರುತ್ತಿದ್ದದ್ದು ಅಮ್ಮಿಯ ಹತ್ತಿರ. ಅಮ್ಮಿ ಎಂಟು ದಿನ ಕಿಟಕಿ ಪಕ್ಕ ಕೂತು, ಸೂಜಿ ಕಾಣದ ಹಾಗೆ ಒತ್ತೊತ್ತಾಗಿ ಹೊಲಿದಳು. ಒಂದು ಮೂಲೆ ಬಾಕಿ ಇತ್ತು.

ಅಷ್ಟರಲ್ಲಿ ಗ್ರೇಸ್ ನರ್ಸಮ್ಮ ಬಂದರು. ಊರಿನ ಆಸ್ಪತ್ರೆಯ ನರ್ಸು, ನನ್ನ ತಮ್ಮ ಅಡ್ಡ ತಿರುಗಿದ್ದಾಗ ರಾತ್ರಿಯೆಲ್ಲ ಕೂತು ಹೆರಿಗೆ ಮಾಡಿಸಿದವರು. ಅವರ ಮಾತನ್ನು ನಮ್ಮ ಮನೆಯಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ.

"ಸಾಹೇಬ್ರೇ, ನನ್ನ ಮದ್ವೆಗೆ ಎರಡಂತಸ್ತಿನ ಕೇಕು ಬೇಕು," ಅಂದರು. "ಬಿಳೀ ಬೆಣ್ಣೆ ಕ್ರೀಮು, ಸುತ್ತ ರಿಬ್ಬನ್ನು. ಬೆಂಗಳೂರಿಂದ ತರಿಸಿದ್ರೆ ಬಸ್ಸಲ್ಲೇ ಉಪ್ಪಿಟ್ಟಾಗಿರುತ್ತೆ."

ಅಬ್ಬಾ ಕೈಯೊರೆಸಿಕೊಂಡು ನಕ್ಕರು. "ನಂದು ಬನ್ನಿನ ಭಟ್ಟಿ ನರ್ಸಮ್ಮ. ಅಂಥಾದ್ದೆಲ್ಲ ನಮ್ ಕೈಲಿ ಎಲ್ಲಾಗುತ್ತೆ?"

ಒಳಬಾಗಿಲ ಪರದೆ ಹಿಂದಿನಿಂದ ಫುಪ್ಪುವಿನ ದನಿ ಬಂತು. "ಆಗುತ್ತೆ ಅನ್ನಿ ಭಾಯಿಜಾನ್. ನಾನು ಮಾಡ್ತೀನಿ."

"ನೀನು ಹಿಂದೆ ಮಾಡಿದ್ದೀಯೇನು?"

"ಪಕ್ಕದಲ್ಲಿ ನಿಂತು ಆರು ವರ್ಷ ನೋಡಿದ್ದೀನಿ."

"ಹಾಳಾದ್ರೆ?"

ಪರದೆ ಒಂದು ಸಲ ಅಲ್ಲಾಡಿತು. "ಹಾಳಾದ್ರೆ ನೀವು ಹೇಳಿದ ದಿನ ಪಾವಗಡಕ್ಕೆ ಹೋಗ್ತೀನಿ, ಬಾಯಿ ಬಿಚ್ಚಲ್ಲ. ಕೇಕು ಚೆನ್ನಾಗಿ ಹೋಗಿ ಮುಟ್ಟಿದ್ರೆ ಇಲ್ಲೇ ಇರ್ತೀನಿ. ನಿಮ್ಮ ಅಂಗಡಿಗೆ ಕೇಕು ಮಾಡ್ಕೊಂಡಿರ್ತೀನಿ."

ನರ್ಸಮ್ಮ ಅಬ್ಬನ ಮುಖ ನೋಡಿದರು. ಅಬ್ಬಾ ಮತ್ತೆ ನಕ್ಕು, "ಆಯ್ತು ಹೋಗೇ, ಆಯ್ತು," ಅಂದರು. ಆ ನಗು ನನಗೆ ಇಷ್ಟವಾಗಲಿಲ್ಲ. ಆದರೂ ಮಾತು ಮಾತೇ ಅಂದುಕೊಂಡು ಅಂಗಳದಲ್ಲಿ ಮೂರು ಸುತ್ತು ಓಡಿ ಬಂದೆ.

ದಸರಾ ರಜ ಬಂತು, ಕೇಕಿನ ಕೆಲಸವೂ ಹತ್ತಿತು. ಸಕ್ಕರೆಯನ್ನು ಬೀಸುವ ಕಲ್ಲಿಗೆ ಹಾಕಿ ಬೀಸಿದೆವು. ಅದನ್ನು ಮಲ್ಮಲ್ ಬಟ್ಟೆಯಲ್ಲಿ ಸೋಸಿ, ಮತ್ತೆ ಬೀಸಿ ಮತ್ತೆ ಸೋಸಿ, ನನ್ನ ಹುಬ್ಬೆಲ್ಲ ಬೆಳ್ಳಗಾಯಿತು. ಬೆಣ್ಣೆ ತರುತ್ತಿದ್ದವಳು ಹಟ್ಟಿಯ ಈರಕ್ಕ. ಎಮ್ಮೆ ಬೆಣ್ಣೆ, ಹಾಲಿನಷ್ಟು ಬಿಳಿ, ಮುತ್ತುಗದ ಎಲೆಯಲ್ಲಿ ಸುತ್ತಿದ್ದು. ಫುಪ್ಪು ಅದನ್ನು ಏಳು ಸಲ ಬಾವಿ ನೀರಿನಲ್ಲಿ ತೊಳೆದು, ಮಜ್ಜಿಗೆಯ ಕೊನೆ ಹನಿ ಹೋಗುವವರೆಗೂ ಹಿಸುಕಿದಳು. ಈರಕ್ಕ ಕಂಬಕ್ಕೊರಗಿ ನೋಡುತ್ತಿದ್ದಳು.

"ಅಲ್ಲ ಕಣವ್ವ, ಇಂಥಾ ಬೆಣ್ಣೆಗೆ ಸಕ್ರೆ ಆಕಿ ಗ್ವಾಡೆಗೆ ಸುಣ್ಣ ಬಳ್ದಂಗೆ ಬಳೀತೀರಂತಲ್ಲ, ತಿನ್ನಾಕೋ ನೋಡಾಕೋ?"

"ಎರಡಕ್ಕೂ ಈರಕ್ಕ."

"ಏನೋ ಬುಡು. ಆದ್ರೆ ಗಾಳಿ ನಿಂತೋಗೈತೆ. ಇಂಥಾ ದಿನ್ದಾಗೆ ಬೆಣ್ಣೆ ಕೈಯಾಗೇ ನಿಲ್ಲಾಕಿಲ್ಲ, ಇನ್ನ ನಿನ್ನ ಗ್ವಾಡೆ ಮ್ಯಾಗೆ ಹೆಂಗೆ ನಿಂತಾತು?"

ಅವಳು ಹೇಳಿದ್ದು ಸರಿಯೇ. ಹಸ್ತ ಮಳೆಯ ಮೋಡ ಬಂದು ಊರ ಮೇಲೆ ಕೂತಿತ್ತು, ಇಳಿಯುತ್ತಿರಲಿಲ್ಲ. ಎಲೆ ಅಲ್ಲಾಡುತ್ತಿರಲಿಲ್ಲ. ಜಾಡಿಯ ಉಪ್ಪು ನೀರಾಗಿತ್ತು, ಬೆಂಕಿಕಡ್ಡಿ ಗೀಚಿದರೆ ಮದ್ದೇ ಉದುರುತ್ತಿತ್ತು. ಬೆಳಿಗ್ಗೆ ಗರಿಗರಿಯಾಗಿ ತೆಗೆದ ರಸ್ಕು ಸಂಜೆಗೆ ಚಪ್ಪಲಿ ತೊಗಲಿನಂತೆ ಬಾಗುತ್ತಿತ್ತು. ಅಬ್ಬಾ ಅದನ್ನು ಮುರಿಯಲು ಹೋಗಿ ಮುರಿಯದೆ ಆಕಾಶಕ್ಕೆ ಬೈದರು. ನಮ್ಮದು ಒಣ ಸೀಮೆ. ಸುಡುವ ಬಿಸಿಲು ಗೊತ್ತು, ಬಿಸಿಗಾಳಿ ಗೊತ್ತು. ಮೈ ಮೇಲೆ ಕೂತು ಏಳದ ಈ ಸೆಕೆ ನಮಗೆ ಗೊತ್ತಿರಲಿಲ್ಲ. ನನ್ನ ಕೈಕಾಲಿಗೆ ಮಾಡಲು ಏನೂ ಸಿಗುತ್ತಿರಲಿಲ್ಲ. ಒಳಗೆ ಹೋದರೆ ಹೊರಗೆ ಬರಬೇಕು, ಹೊರಗೆ ಬಂದರೆ ಒಳಗೆ ಹೋಗಬೇಕು ಅನ್ನಿಸುತ್ತಿತ್ತು.

ಮದುವೆ ಇದ್ದದ್ದು ಸಂತೆಯ ದಿನ ಸಂಜೆ ನಾಲ್ಕು ಗಂಟೆಗೆ, ಪ್ರಾರ್ಥನೆ ನಡೆಯುವ ಹಂಚಿನ ಮನೆಯಲ್ಲಿ. ಅಂದು ಬೆಳಗಿನ ಬನ್ನು ಇಳಿದ ಮೇಲೆ ಭಟ್ಟಿಗೆ ಬಾಗಿಲು ಹಾಕಿದರು. ಕೇಕು ಹಿಂದಿನ ದಿನವೇ ಬೆಂದಿತ್ತು. ಹಿಂಭಾಗದ ಉಗ್ರಾಣದಲ್ಲಿ ಮೇಜು ತೊಳೆದು, ಕೇಕನ್ನು ಹಲಗೆಯ ಮೇಲೆ ಇಟ್ಟು ಫುಪ್ಪು ಕ್ರೀಮು ಬಳಿಯಲು ನಿಂತಳು. ನಾನು ಬೀಸಣಿಗೆ ಬೀಸುತ್ತಾ ನಿಂತೆ. ಅವಳು ಕತ್ತಿಯ ಚಪ್ಪಟೆಯಲ್ಲಿ ಒಂದೇ ಎಳೆತಕ್ಕೆ ಸುತ್ತ ಬಳಿದದ್ದು, ಕೆಳಗಿನ ಅಂತಸ್ತಿಗೆ ಜಾಲರಿ, ಮೇಲಿನ ಅಂತಸ್ತಿಗೆ ಗುಲಾಬಿ ಇಳಿಸಿದ್ದು, ಎಲ್ಲ ಕಣ್ಣೆದುರಿಗೇ ಇದೆ. ಉಸಿರು ಹಿಡಿದುಕೊಂಡೇ ಅಷ್ಟನ್ನೂ ಬರೆದಳೋ ಏನೋ, ಮುಗಿಸಿದ ಮೇಲೆ ಗೋಡೆ ಹಿಡಿದು ಕೆಮ್ಮಿದಳು.

ಕೊನೆಗೆ ರಿಬ್ಬನ್ನು. ನರ್ಸಮ್ಮ ಕೊಟ್ಟಿದ್ದ ಸ್ಯಾಟಿನ್ ರಿಬ್ಬನ್ನು, ತಿಳಿ ನೀಲಿ, ಮದುಮಗಳ ಜೊತೆ ನಡೆಯುವ ಹುಡುಗಿಯರ ಲಂಗದ ಬಣ್ಣದ್ದೇ. ಬೆಣ್ಣೆಯ ಜಿಡ್ಡು ಹತ್ತಬಾರದೆಂದು ಫುಪ್ಪು ಅದರ ಹಿಂದೆ ಮೇಣದ ಕಾಗದದ ಪಟ್ಟಿ ಕೂರಿಸಿದಳು. ಅದು ಗಂಡನಿಂದ ಕಲಿತದ್ದು. ರಿಬ್ಬನ್ನನ್ನು ಹೊರಡುವ ಹೊತ್ತಿಗೆ ಕಟ್ಟಬೇಕು ಅನ್ನುವುದೂ ಅವನಿಂದಲೇ ಕಲಿತದ್ದು. ಅದನ್ನು ಮಾತ್ರ ಅವಳು ಮೀರಿದಳು. ಅಣ್ಣ ಪೂರ್ತಿಯಾದದ್ದನ್ನು ನೋಡಲಿ ಎಂದು ಹನ್ನೊಂದಕ್ಕೇ ಎರಡೂ ಅಂತಸ್ತಿಗೆ ಸುತ್ತಿ, ಮುಂದೆ ಒಂದು ಹೂಗಂಟು ಹಾಕಿದಳು.

ಸಂತೆಯ ಗಿರಾಕಿಗಳನ್ನು ಬಿಟ್ಟು ಅಬ್ಬಾ ಒಂದು ಗಳಿಗೆ ಬಂದರು. ಬಾಗಿಲಲ್ಲೇ ನಿಂತು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಹೂಂ," ಅಂದರು. "ಸಂಜೆವರೆಗೂ ಹಿಂಗೇ ನಿಂತ್ರೆ ನೋಡೋಣ." ಹೋಗಿಬಿಟ್ಟರು.

ಇನ್ನು ಉಳಿದದ್ದು ಕಾಯುವುದು. ಪಕ್ಕದ ಭಟ್ಟಿ ಆರಿದ್ದರೂ ಉಗ್ರಾಣದ ಗೋಡೆ ಬೆಚ್ಚಗೇ ಇತ್ತು. ಬೇಸಿಗೆಯಲ್ಲಿ ನಾವೆಲ್ಲ ಮಾಡುವುದನ್ನೇ ಫುಪ್ಪು ಮಾಡಿದಳು. ಬಾಗಿಲಿಗೆ, ಕಿಟಕಿಗೆ, ಮೇಜಿನ ಮೂರು ಕಡೆಗೆ ಹಗ್ಗ ಕಟ್ಟಿ ಒದ್ದೆ ಗೋಣಿ ಇಳಿಬಿಟ್ಟಳು. ನಮ್ಮ ಊರಲ್ಲಿ ಹುಟ್ಟಿದವರು ಯಾರಾದರೂ ಅದನ್ನೇ ಮಾಡುತ್ತಿದ್ದರು. ಏಪ್ರಿಲ್ಲಿನ ಬಿಸಿಗಾಳಿಯಲ್ಲಿ ಒದ್ದೆ ಗೋಣಿಯ ಹಿಂದೆ ಕೂತರೆ ಹಲ್ಲು ಕಟಕಟ ಅನ್ನುವಷ್ಟು ತಂಪು.

"ನೂರೀ, ಇಲ್ಲೇ ಕೂತಿರು," ಅಂದಳು. "ಗೋಣಿ ಒಣಗಿದ್ರೆ ಮಾತ್ರ ಒಂದು ಚೊಂಬು ನೀರು ಹೊಡಿ. ಒಣಗಿದ್ರೆ ಮಾತ್ರ, ಕೇಳಿಸ್ತಾ? ಬಟ್ಟೆ ಎತ್ತಿ ನೋಡಬೇಡ." ಕೇಕಿನ ಮೇಲೆ ತೆಳು ಬಟ್ಟೆಯ ಗುಡಾರ ಹಾಕಿ, ನಮಾಜು ಮುಗಿಸಿ ಸ್ವಲ್ಪ ಸೊಂಟ ಚಾಚಲು ಹೋದಳು. ಅಂದು ನಸುಕಿಗೇ ಎದ್ದಿದ್ದಳು.

ನಾನು ಕೂತೆ. ಎದ್ದೆ. ಗೋಣಿ ಮುಟ್ಟಿ ನೋಡಿದೆ, ಒದ್ದೆ. ಐದು ಕಲ್ಲಿನ ಆಟ ಶುರು ಮಾಡಿದೆ, ಕಲ್ಲು ಬೆವರಿನ ಕೈಯಿಂದ ಜಾರಿತು. ಮತ್ತೆ ಮುಟ್ಟಿದೆ, ಒದ್ದೆಯೇ. ಆದರೆ ತಂಪಿಲ್ಲ! ಗೋಣಿಯ ಹಿಂದೆ ಮುಖ ಇಟ್ಟರೂ ತಂಪಿಲ್ಲ. ನೀರು ಸಾಲದು ಅಂದುಕೊಂಡೆ. ಒಂದು ಚೊಂಬು ಹೊಡೆದೆ. ಹತ್ತು ಎಣಿಸಿ ಇನ್ನೊಂದು. ಬಾಗಿಲ ಗೋಣಿಗೆ, ಕಿಟಕಿ ಗೋಣಿಗೆ, ಮೇಜಿನ ಪಕ್ಕದ್ದಕ್ಕೆ. ಏನೋ ಮಾಡುತ್ತಿದ್ದೇನೆ ಅನ್ನುವ ಖುಷಿಗೆ ಕಾಲಿನ ಚಡಪಡಿಕೆ ಸ್ವಲ್ಪ ಇಳಿಯಿತು. ಬಾವಿಗೆ ಓಡಿ, ಬಿಂದಿಗೆ ತಂದು, ಮತ್ತೆ ಹೊಡೆದೆ. ನೀರು ನೆಲದಲ್ಲಿ ಹರಿದು ಹಿಟ್ಟಿನ ಮೂಟೆಯ ಕಡೆ ಹೊರಟಾಗ ಅದನ್ನು ಪರಕೆಯಿಂದ ಹಿಂದಕ್ಕೆ ತಳ್ಳಿದೆ. ಫುಪ್ಪು ಇಲ್ಲೇ ಇರಬೇಕು, ಕೇಕು ನಿಲ್ಲಬೇಕು, ಅದಕ್ಕೆ ತಂಪು ಬೇಕು. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಆವತ್ತಿನ ಗಾಳಿಯೇ ನೀರು ಕುಡಿದು ಕೂತಿತ್ತು, ನಾನು ಹೊಡೆದ ನೀರು ಆರಿಹೋಗಲು ಜಾಗವೇ ಇರಲಿಲ್ಲ ಅನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಎರಡೂವರೆಗೆ ಫುಪ್ಪು ಬಂದು ಗುಡಾರದ ಬಟ್ಟೆ ಎತ್ತಿದಳು.

ಕೇಕು ಬೆವರಿತ್ತು. ಗುಲಾಬಿಗಳ ಮೇಲೆಲ್ಲ ಹನಿ. ಜಾಲರಿ ಒಂದು ಕಡೆ ಜಾರಿ ಹಲಗೆಗೆ ಮುಟ್ಟಿತ್ತು. ರಿಬ್ಬನ್ನು ನೆನೆದು ಮುದುಡಿ, ಅದರ ನೀಲಿ ಬಣ್ಣ ಬಿಳಿ ಕ್ರೀಮಿನ ಮೇಲೆ ಗೆರೆಗೆರೆಯಾಗಿ ಇಳಿದು ಬಂದಿತ್ತು. ಶಾಯಿ ಬುಡ್ಡಿ ಒಡೆದ ಪುಸ್ತಕದ ಹಾಗೆ ಕಾಣುತ್ತಿತ್ತು.

ನನಗೆ ಅಳು ಕೂಡ ಬರಲಿಲ್ಲ. ಫುಪ್ಪು ಒಂದು ಬೆರಳಿಂದ ನೀಲಿಯನ್ನು ಮುಟ್ಟಿದಳು. ಆಮೇಲೆ ನೆಲ ನೋಡಿದಳು. ಅವಳ ಪಾದದ ಸುತ್ತ ನೀರು ನಿಂತಿತ್ತು. ನನ್ನನ್ನು ನೋಡಿದಳು. ನಾನು ಚೊಂಬನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

"ಗೋಣಿ ಎಲ್ಲ ಕಿತ್ತು ಆಚೆ ಹಾಕು," ಅಂದಳು. "ಬಾವಿಯಿಂದ ಕ್ಯಾರಿಯರ್ ಎಳಿ. ಓಡು!"

ಉಳಿದ ಕ್ರೀಮನ್ನು ಹಿತ್ತಾಳೆ ಕ್ಯಾರಿಯರ್‌ನಲ್ಲಿ ಬಿಗಿದು ಬಾವಿಗೆ ಇಳಿಬಿಟ್ಟಿದ್ದಳು, ತಂಪಿಗೆ. ನಾನು ಹಗ್ಗ ಎಳೆದು ತರುವಷ್ಟರಲ್ಲಿ ಅವಳು ಮತ್ತು ಅಮ್ಮಿ ಸೇರಿ ಕೇಕನ್ನು ಮನೆಯೊಳಗೆ, ಅಮ್ಮಿ ಹೊಲಿಯುವ ಕೋಣೆಗೆ ಎತ್ತಿಕೊಂಡು ಬಂದಿದ್ದರು. ಮನೆಯಲ್ಲಿ ನೀರು ಸೋಕದ ಕೋಣೆ ಅದೊಂದೇ. ಫುಪ್ಪು ರಿಬ್ಬನ್ನನ್ನು ಬಿಚ್ಚಿ ಮೂಲೆಗೆಸೆದು, ನೀಲಿಯಾದ ಕ್ರೀಮನ್ನು ಹೆರೆದು ಹೆರೆದು ತೆಗೆದು, ಹೊಸದನ್ನು ಬಳಿದಳು. ಅಮ್ಮಿ ಬೀಸಣಿಗೆ ಹಿಡಿದಳು. ಜಾಲರಿ ಮತ್ತೆ ಬಂತು, ಗುಲಾಬಿ ಮತ್ತೆ ಬಂತು. ಆದರೆ ರಿಬ್ಬನ್ನು ಇದ್ದ ಜಾಗದಲ್ಲಿ ಎಷ್ಟು ಹೆರೆದರೂ ಒಂದು ಮಾಸಲು ಪಟ್ಟಿ ಉಳಿಯಿತು, ಅಷ್ಟನ್ನೂ ಮುಚ್ಚಲು ಕ್ರೀಮು ಇರಲಿಲ್ಲ. ಅದರ ಮೇಲೆ ಏನಾದರೂ ಸುತ್ತಲೇಬೇಕು.

ಮೂರು ಗಂಟೆ ಆಯಿತು. ನಾನು ನನ್ನ ಎರಡೂ ಜಡೆಯ ಟೇಪು ಬಿಚ್ಚಿ ಅವಳ ಮುಂದೆ ಹಿಡಿದೆ. ಕಪ್ಪು ಟೇಪು, ಹರಳೆಣ್ಣೆ ಕುಡಿದು ಜಿಡ್ಡಾಗಿದ್ದವು. ಫುಪ್ಪು ಆ ಗಡಿಬಿಡಿಯಲ್ಲೂ ನಕ್ಕುಬಿಟ್ಟಳು. ನಗುತ್ತಲೇ ಅವಳ ಕಣ್ಣು ಕಿಟಕಿ ಪಕ್ಕದ ಪೆಟ್ಟಿಗೆಯ ಮೇಲೆ ಹೋಗಿ ನಿಂತಿತು. ಅಲ್ಲಿ ಪಾವಗಡದ ಕೆಂಪು ಓಢ್ನಿ ಮಡಿಸಿಟ್ಟಿತ್ತು. ಗೋಟಾ ಹೊಳೆಯುತ್ತಿತ್ತು.

"ಭಾಬಿ," ಅಂದಳು. "ಕತ್ತರಿ ಕೊಡಿ."

ಅಮ್ಮಿ ಓಢ್ನಿ ನೋಡಿದಳು, ಫುಪ್ಪುವನ್ನು ನೋಡಿದಳು. ಎಂಟು ದಿನದ ಕೆಲಸ ಅದು. ನಾನು ಬೈಗುಳಕ್ಕೆ ಕಾದೆ.

"ಕತ್ತರಿ ಬೇಡ," ಅಂದಳು ಅಮ್ಮಿ. "ಜರಿ ಹರಿಯುತ್ತೆ. ತಾ ಇಲ್ಲಿ, ನಾನು ಬಿಚ್ತೀನಿ."

ಹೊಲಿದವಳಿಗೇ ಗೊತ್ತು ಯಾವ ಎಳೆ ಹಿಡಿದರೆ ಬಿಚ್ಚುತ್ತದೆ ಅನ್ನುವುದು. ಸೂಜಿ ಮೊನೆಯಲ್ಲಿ ಒಂದು ಕಡೆ ಎಬ್ಬಿಸಿ ದಾರ ಎಳೆದಳು. ಟಕಟಕ ಟಕಟಕ ಅಂತ ಗೋಟಾ ಓಢ್ನಿಯನ್ನು ಬಿಟ್ಟು ಬಂತು. ಫುಪ್ಪು ಮೇಣದ ಕಾಗದ ಕೂರಿಸಿ, ಎರಡೂ ಅಂತಸ್ತಿಗೆ ಗೋಟಾ ಸುತ್ತಿದಳು. ಸ್ಯಾಟಿನ್ನಿನ ಹಾಗೆ ಅದು ಹೂಗಂಟಿಗೆ ಬಾಗಲಿಲ್ಲ. ತುದಿಯನ್ನು ಓಢ್ನಿಯ ಮೂಲೆ ಮಡಿಸುವ ಹಾಗೇ ಮಡಿಸಿ ಗುಂಡುಸೂಜಿ ಚುಚ್ಚಿದಳು. ಬಿಳಿಯ ಮೇಲೆ ಚಿನ್ನದ ಪಟ್ಟಿ. ನೀಲಿಗಿಂತ ಚೆನ್ನಾಗಿ ಕಂಡಿತು ಅಂದರೆ ಸುಳ್ಳಲ್ಲ.

ಜಟಕಾದಲ್ಲಿ ಬುರ್ಖಾ ಹಾಕಿಕೊಂಡ ಫುಪ್ಪು, ಅವಳ ತೊಡೆಯ ಮೇಲೆ ಹಲಗೆ, ಹಲಗೆಯ ಅಂಚು ಹಿಡಿದು ಕೆಳಗೆ ನಾನು. ಕಲ್ಲಿನ ರಸ್ತೆ. ಕುದುರೆ ಒಂದೊಂದು ಹೆಜ್ಜೆ ಇಟ್ಟಾಗಲೂ ಹಲಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ. ಮೆಲ್ಲಗೆ, ಮೆಲ್ಲಗೆ ಎಂದು ನಾನು ಅರಚುವುದನ್ನು ಕೇಳಿ ಕೇಳಿ ಜಟಕಾದವನು, "ಸುಮ್ನೆ ಕುಂತ್ಕಳ್ಳೇ ತಾಯಿ, ಕುದ್ರೆ ಬೆದ್ರುತೈತೆ," ಅಂದ. ಜೀವನದಲ್ಲಿ ಮೊದಲ ಸಲ ಅಲುಗಾಡದೆ ಕೂತೆ. ಕಾಲು ಜೋಮು ಹಿಡಿದು ಇಳಿಯುವಾಗ ಬಿದ್ದೆ.

ನರ್ಸಮ್ಮ ಬಿಳಿ ಸೀರೆಯಲ್ಲಿ ಹಿಂಬಾಗಿಲಿಗೆ ಬಂದು ಕೇಕು ನೋಡಿದರು. "ನೀಲಿ ಎಲ್ಲಿ ಜೈಬಮ್ಮ?"

"ಬಣ್ಣ ಬಿಟ್ಟುಬಿಡ್ತು ನರ್ಸಮ್ಮ. ತಪ್ಪು ನಂದು. ಬೇಗ ಕಟ್ಟಿಬಿಟ್ಟೆ."

ನಾನು ನೆಲ ನೋಡಿದೆ. ನರ್ಸಮ್ಮ ಗೋಟಾವನ್ನು ಬೆರಳಲ್ಲಿ ಸವರಿದರು. ಮನೆಗೆ ಬಂದು ಹೋಗುವವರು, ಓಢ್ನಿ ನೋಡಿದ್ದರು. "ಇದು ನಿಮ್ಮ ಮದ್ವೇದಲ್ವೇನ್ರೀ?"

"ಇವತ್ತಿಗೆ ನಿಮ್ದು," ಅಂದಳು ಫುಪ್ಪು.

ಅಂದು ಆ ಹಂಚಿನ ಮನೆಯಲ್ಲಿ ಕೇಕು ನೋಡಲು ಜನ ಸಾಲುಗಟ್ಟಿದರು. ಬೆಂಗಳೂರಿನಿಂದ ಬಂದ ಮದುಮಗನ ಕಡೆಯ ಒಬ್ಬ ಹೆಂಗಸು, ಇದನ್ನು ಯಾವ ಅಂಗಡಿಯಿಂದ ತರಿಸಿದಿರಿ ಎಂದು ಕೇಳಿದರು. ನನಗೂ ಒಂದು ತುಂಡು ಕೊಟ್ಟರು. ಅಷ್ಟು ತೊಳೆದರೂ ಈರಕ್ಕನ ಬೆಣ್ಣೆಯ ಹುಳಿ ನಾಲಿಗೆಯ ಹಿಂದೆ ಸಣ್ಣಗೆ ಉಳಿದಿತ್ತು. ಅದೇ ರುಚಿ. ಕತ್ತರಿಸುವ ಮೊದಲು ನರ್ಸಮ್ಮ ತಾವೇ ಗೋಟಾ ಬಿಚ್ಚಿ, ಆಸ್ಪತ್ರೆಯ ಬ್ಯಾಂಡೇಜು ಸುತ್ತುವ ಹಾಗೆ ಬಿಗಿಯಾಗಿ ಸುತ್ತಿ ನನ್ನ ಕೈಗೆ ಕೊಟ್ಟರು.

ಸಂಜೆ ಅಬ್ಬಾ ಅಂಗಡಿ ಮುಚ್ಚಿ ಬಂದಾಗ ಓಢ್ನಿ ಹಾಗೇ ಪೆಟ್ಟಿಗೆಯ ಮೇಲೆ ಬಿದ್ದಿತ್ತು. ಅಂಚಿನುದ್ದಕ್ಕೂ ಸೂಜಿ ತೂತುಗಳ ಸಾಲು. ಪಕ್ಕದಲ್ಲಿ ಗೋಟಾ ಸುರುಳಿ. ಕೇಕು ಹೇಗಿತ್ತು ಅನ್ನುವುದು ಸಂತೆಯಲ್ಲೇ ಅವರ ಕಿವಿಗೆ ಬಿದ್ದಿತ್ತು.

"ಚೆನ್ನಾಗಿತ್ತಂತೆ," ಅಂದರು. ಓಢ್ನಿ ತೋರಿಸಿ ಅಮ್ಮಿಗೆ ಹೇಳಿದರು. "ಇದನ್ನ ವಾಪಸು ಹೊಲಿ. ಬುಧವಾರ ಪಾವಗಡದವರು ಬರ್ತಾರೆ."

ಫುಪ್ಪು ಒಲೆಯ ಮುಂದಿನಿಂದ ಎದ್ದು ನಿಂತಳು. "ಭಾಯಿಜಾನ್, ನೀವು ಮಾತು ಕೊಟ್ಟಿದ್ರಿ."

"ತಮಾಷೆಗೆ ಅಂದಿದ್ದಮ್ಮಾ ಅದು. ಕೇಕಿಗೂ ನಿಕಾಹಿಗೂ ಏನು ಸಂಬಂಧ? ನಿನ್ನ ಒಳ್ಳೇದಕ್ಕೆ ತಾನೆ ಹೇಳ್ತಿರೋದು." ಅಬ್ಬನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಅವರು ಅಮ್ಮಿಯ ಕಡೆ ತಿರುಗಿದರು. "ಎಷ್ಟು ದಿನ ಬೇಕು?"

ಅಮ್ಮಿ ಗೋಟಾ ಸುರುಳಿಯನ್ನು ಕೈಗೆ ತೆಗೆದುಕೊಂಡಳು, ಮೂಸಿದಳು, ದೀಪಕ್ಕೆ ಹಿಡಿದಳು. "ಆಗಲ್ಲ," ಅಂದಳು.

"ಆಗಲ್ಲ ಅಂದ್ರೆ?"

"ಬೆಣ್ಣೆ ಹತ್ತಿದೆ. ಬೆಣ್ಣೆ ಹತ್ತಿದ ಗೋಟಾ ಬಟ್ಟೆ ಹಿಡಿಯಲ್ಲ. ಬೇರೆ ಗೋಟಾ ಹೊಲಿದ್ರೂ ಈ ತೂತು ಮುಚ್ಚಲ್ಲ. ಬಂದವರು ನೋಡೇ ನೋಡ್ತಾರೆ."

ವಾರಕ್ಕೆ ಎರಡು ಹಳೆ ಓಢ್ನಿಯ ಗೋಟಾ ಬಿಚ್ಚಿ ಹೊಸದಕ್ಕೆ ಹೊಲಿದು ಕೊಡುತ್ತಿದ್ದವಳು ಅಮ್ಮಿ. ಹಬ್ಬದ ಊಟದ ತುಪ್ಪ, ಮದುವೆ ಮನೆಯ ಎಣ್ಣೆ, ಎಂಥೆಂಥ ಜಿಡ್ಡಿನ ಗೋಟಾ ಅವಳ ಕೈಯಲ್ಲಿ ಬಟ್ಟೆ ಹಿಡಿದದ್ದನ್ನು ನಾನು ನೋಡಿದ್ದೆ. ನಾನು ಬಾಯಿ ತೆರೆದೆ. ಅಮ್ಮಿ ನನ್ನ ಕಡೆ ನೋಡಲೇ ಇಲ್ಲ, ಅವಳ ಕಾಲು ಮಾತ್ರ ಬಂದು ನನ್ನ ಕಾಲನ್ನು ಮೆಟ್ಟಿತು. ಬಾಯಿ ಮುಚ್ಚಿದೆ.

ಅಬ್ಬನಿಗೆ ಹಿಟ್ಟಿನ ವಿಷಯ ಗೊತ್ತು, ಹೊಲಿಗೆಯ ವಿಷಯ ಗೊತ್ತಿಲ್ಲ. ಓಢ್ನಿಯ ತೂತುಗಳನ್ನು ಬೆರಳಲ್ಲಿ ಸವರಿ ಸವರಿ ನೋಡಿ, ಹೊರಗೆ ಹೋಗಿ ಜಗುಲಿಯ ಮೇಲೆ ಕೂತರು. ಬುಧವಾರ ಪಾವಗಡದವರು ಬಂದರು. ತಾವು ಕೊಟ್ಟ ಓಢ್ನಿಯ ಅಂಚೆಲ್ಲ ಗೋಟಾ ಕಿತ್ತ ತೂತಾಗಿದ್ದದ್ದು ಕಂಡು, ಇದು ಒಳ್ಳೆ ಶಕುನ ಅಲ್ಲ ಎಂದು ಟೀ ಕೂಡ ಮುಟ್ಟದೆ ಎದ್ದರು. ಓಢ್ನಿ ನಮಗೆ ಬೇಡ, ನೀವೇ ಇಟ್ಟುಕೊಳ್ಳಿ ಅಂದರು. ಆ ಮಧ್ಯಾಹ್ನ ಮೋಡ ಒಡೆದು ಮಳೆ ಬಂತು. ನಾನು ಅಂಗಳದಲ್ಲಿ ಕುಣಿದೆ, ಅಮ್ಮಿ ಬೆನ್ನಿಗೆ ಎರಡು ಕೊಟ್ಟು ಒಳಗೆ ಎಳೆದುಕೊಂಡಳು.

ಫುಪ್ಪು ನಮ್ಮ ಮನೆಯಲ್ಲೇ ಉಳಿದಳು. ಶಿರಾ, ಮಧುಗಿರಿ, ಕೊರಟಗೆರೆಯವರೆಗೂ ಅವಳ ಕೇಕುಗಳು ಹೋದವು. ಎಲ್ಲಕ್ಕೂ ಚಿನ್ನದ ಗೋಟಾವೇ, ಜನ ಅದನ್ನೇ ಕೇಳುತ್ತಿದ್ದರು. ಒಂದು ಹಂತದಲ್ಲಿ ಅಬ್ಬನೇ ಪೇಟೆಯಿಂದ ಗೋಟಾ ಸುರುಳಿ ತಂದುಕೊಡುತ್ತಿದ್ದರು. ಒದ್ದೆ ಗೋಣಿ ಮಾತ್ರ ಮತ್ತೆ ಯಾರೂ ಕಟ್ಟಲಿಲ್ಲ.

ಮೊನ್ನೆ ನನ್ನ ತಮ್ಮನ ಮೊಮ್ಮಗಳ ಮದುವೆಯಲ್ಲಿ ನಾಲ್ಕಂತಸ್ತಿನ ಕೇಕು ಬಂತು. ಡಬ್ಬಿಯಿಂದ ತೆಗೆದು ಏಸಿ ಹಾಲ್‌ನಲ್ಲಿ ಇಟ್ಟು, ತಂದವರು ಹೊರಟು ಹೋದರು. ರಿಬ್ಬನ್ನೂ ಸಕ್ಕರೆಯದೇ ಅಂತೆ. ಅದು ಬೆವರುವುದಿಲ್ಲ, ಜಾರುವುದಿಲ್ಲ, ಯಾರೂ ಅದರ ಕಾವಲಿಗೆ ಕೂರಬೇಕಿಲ್ಲ. ನಾನೊಬ್ಬಳು ಮುದುಕಿ ಅದರ ಸುತ್ತ ಮೂರು ಸಲ ಸುತ್ತಿ ಬಂದೆ. ಮಾಡಲು ಏನೂ ಇರಲಿಲ್ಲ. ಒಂದು ತುಂಡು ಬಾಯಿಗಿಟ್ಟರೆ ಸಿಹಿ, ಬರೀ ಸಿಹಿ. ಹಿಂದೆ ಯಾವ ಹುಳಿಯೂ ಇಲ್ಲ, ಯಾವ ಎಮ್ಮೆಯೂ ಇಲ್ಲ.

ಆ ನೀರಿನ ವಿಷಯವನ್ನು ನಾನು ಫುಪ್ಪುಗೆ ನಲವತ್ತು ವರ್ಷ ಹೇಳಿರಲಿಲ್ಲ. ಅವಳು ಹಾಸಿಗೆ ಹಿಡಿದಿದ್ದಾಗ, ಮಂಚದ ಪಕ್ಕ ಕೂತು ಕಾಲು ಅಲ್ಲಾಡಿಸುತ್ತಾ ಇದ್ದೆ. ಅಂಥದ್ದೇ ಸೆಕೆ. ಹೇಳಿಬಿಟ್ಟೆ. "ಫುಪ್ಪು, ಗೋಣಿ ಒಣಗಿರಲೇ ಇಲ್ಲ. ನಾನು ಸುಮ್ಮನೆ ನೀರು ಹೊಡೀತಾನೇ ಇದ್ದೆ. ಕೇಕು ಕೆಡಿಸಿದವಳು ನಾನು."

"ಗೊತ್ತಿತ್ತು ಕಣೇ," ಅಂದಳು. "ನೆಲದಲ್ಲಿ ಪಾದ ಮುಳುಗ್ತಿತ್ತಲ್ಲ."

"ಬೈಯ್ಲಿಲ್ಲ ಯಾಕೆ?"

ಅವಳಿಗೆ ಉಸಿರು ಸಾಲುತ್ತಿರಲಿಲ್ಲ, ನಿಧಾನಕ್ಕೆ ಹೇಳಿದಳು. "ಆವತ್ತು ಸಂಜೆ ಬೈಬೇಕು ಅಂತಲೇ ಇದ್ದೆ. ಆಮೇಲೆ ಭಾಯಿಜಾನ್ ತಮಾಷೆಗೆ ಅಂದಿದ್ದು ಅಂದ್ರಲ್ಲ, ಆಗ ಗೊತ್ತಾಯ್ತು. ನೀಲಿ ರಿಬ್ಬನ್ನು ಹಂಗೇ ನಿಂತಿದ್ರೆ ಓಢ್ನಿನೂ ಹಂಗೇ ಇರ್ತಿತ್ತು. ನಾನು ಪಾವಗಡದಲ್ಲಿರ್ತಿದ್ದೆ."

ಹಾಗೆಂದು, ಅಲ್ಲಾಡುತ್ತಿದ್ದ ನನ್ನ ಕಾಲಿನ ಮೇಲೆ ಕೈ ಇಟ್ಟಳು. ಕಾಲು ನಿಂತಿತು. ಅವಳು ಹೋಗಿ ಈಗ ಎಷ್ಟೋ ವರ್ಷವಾಯಿತು. ಆ ಕೆಂಪು ಓಢ್ನಿ ನನ್ನ ಬೀರುವಿನಲ್ಲಿದೆ, ಗೋಟಾ ಇಲ್ಲದೆ, ತೂತುಗಳ ಸಮೇತ. ಹಸ್ತದ ಮೋಡ ಬಂದು ಇಳಿಯದೆ ಕೂತ ದಿನ ನನಗೆ ಈಗಲೂ ಒಂದು ಕಡೆ ಕೂರಲು ಆಗುವುದಿಲ್ಲ. ಒಳಗೆ ಹೋಗುತ್ತೇನೆ, ಹೊರಗೆ ಬರುತ್ತೇನೆ, ಈ ಕಾಲನ್ನು ಹಿಡಿದು ನಿಲ್ಲಿಸುವವರು ಮನೆಯಲ್ಲಿ ಯಾರೂ ಇಲ್ಲ.